ಮೋಟಾರ್ ಅಂಗಡಿಯ ಲೆಕ್ಕವನ್ನು ಕ್ಲೌಡ್‌ಗೆ ಸಾಗಿಸಿದ್ದು

ನಮ್ಮದು ದಾವಣಗೆರೆಯಲ್ಲಿ ಬೋರ್‌ವೆಲ್ ಮೋಟಾರ್, ಪಿವಿಸಿ ಪೈಪು, ಡ್ರಿಪ್ ಸಾಮಾನು ಮಾರುವ ಅಂಗಡಿ. ಚಿತ್ರದುರ್ಗದಲ್ಲಿ ಒಂದು ಬ್ರಾಂಚ್ ಇದೆ, ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ. ಇಲ್ಲಿ ಕೌಂಟರ್‌ನಲ್ಲಿ ಅಪ್ಪಾಜಿ. ಒಳಗೆ ಲೆಕ್ಕಕ್ಕೆ ನಾನು, ಮತ್ತು ನಾನು ಹುಟ್ಟೋಕೆ ಮುಂಚಿನಿಂದ ಇರುವ ಅಕೌಂಟೆಂಟ್ ಕಾಕಾ. ಎರಡೂ ಅಂಗಡಿಯ ಬಿಲ್ಲು, ಸ್ಟಾಕು, ಉದ್ರಿ ಎಲ್ಲ ಈಗ ಇಂಟರ್ನೆಟ್ ಮೇಲೆ ಓಡುವ ಸಾಫ್ಟ್‌ವೇರ್‌ಗೆ ಬಂದಿವೆ. ಮೊದಲ ಜಿಎಸ್‌ಟಿ ರಿಟರ್ನ್ ಅದರಿಂದಲೇ ಹೋಯಿತು. ಮಾರಲು ಬಂದವರು "ಎರಡು ದಿನದ ಕೆಲಸ ಮೇಡಂ" ಅಂದಿದ್ದರು. ದೀಪಾವಳಿ ಹೊತ್ತಿಗೆ ಹುಡುಕಲು ಶುರು ಮಾಡಿದವರು ಸಂಕ್ರಾಂತಿ ಕಳೆದ ಮೇಲೆ ಉಸಿರು ಬಿಟ್ಟೆವು. ಪೇಟೆಯಲ್ಲಿ ಇನ್ನೂ ಇಬ್ಬರು ಮೂವರು ಇದೇ ದಾರಿ ಹಿಡಿಯುತ್ತಿದ್ದಾರೆ, ದಿನಾ ಒಂದೊಂದು ಪ್ರಶ್ನೆ ಕೇಳುತ್ತಾರೆ. ಒಟ್ಟಿಗೇ ಬರೆದುಬಿಡೋಣ ಅಂತ ಕೂತೆ.

ಬದಲಾಯಿಸಲೇಬೇಕು ಅನ್ನಿಸಿದ್ದು 2025ರ ಸೆಪ್ಟೆಂಬರ್ 22ರಂದು. ಅವತ್ತು ಜಿಎಸ್‌ಟಿ ದರ ಬದಲಾಯಿತಲ್ಲ, ಡ್ರಿಪ್, ಸ್ಪ್ರಿಂಕ್ಲರ್ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಮೋಟಾರು, ಪೈಪು 18ರಲ್ಲೇ ಉಳಿದವು. ದಾವಣಗೆರೆ ಕಂಪ್ಯೂಟರ್‌ನಲ್ಲಿ ನಾನು ಬೆಳಿಗ್ಗೆಯೇ ದರ ತಿದ್ದಿದೆ. ದುರ್ಗದ ಕಂಪ್ಯೂಟರ್‌ನಲ್ಲಿ ಇದ್ದದ್ದು ಅದೇ ಸಾಫ್ಟ್‌ವೇರ್‌ನ ಬೇರೆ ಪ್ರತಿ. ಅದರಲ್ಲಿ ದರ ಬದಲಿಸಲು ಪಾಸ್‌ವರ್ಡ್ ಗೊತ್ತಿರುವ ಹುಡುಗ ಬರಬೇಕಿತ್ತು, ಅವನು ಬರಲಿಲ್ಲ. ಭರಮಸಾಗರ ಕಡೆಯ ರೈತರೊಬ್ಬರು ಎರಡೂ ಕಡೆ ಕೊಟೇಶನ್ ತಗೊಂಡಿದ್ದರು. ಅವರ ಊರು ಎರಡಕ್ಕೂ ನಡುವೆ ಬರುತ್ತೆ, ಹಾಗಾಗಿ ಎಲ್ಲಿ ಕಡಿಮೆಯೋ ಅಲ್ಲಿ ತಗೋತಾರೆ. ಎರಡೂ ಚೀಟಿ ಮೇಜಿನ ಮೇಲಿಟ್ಟು, "ಒಂದೇ ಹೆಸರಿನ ಅಂಗಡಿ, ಎರಡು ರೇಟ್ ಏನ್ರೀ ಸಾಹುಕಾರ್ರೇ?" ಅಂತ ಕೇಳಿದರು. ಅಪ್ಪಾಜಿಗೆ ಅದು ಚುಚ್ಚಿತು. ಅಲ್ಲಿವರೆಗೂ ಕ್ಲೌಡು ಗಿಲೌಡು ಬೇಡ ಅನ್ನುತ್ತಿದ್ದವರು ಅವತ್ತು ಸಂಜೆ, "ಏನ್ ಖರ್ಚಾಗುತ್ತೆ ನೋಡವ್ವಾ" ಅಂದರು.

ತೊಂದರೆ ದರದ್ದೊಂದೇ ಅಲ್ಲ. ರಾತ್ರಿ ಅಣ್ಣ ದುರ್ಗದ ಸ್ಟಾಕನ್ನು ಎಕ್ಸೆಲ್‌ನಲ್ಲಿ ವಾಟ್ಸ್ಆ್ಯಪ್ ಮಾಡುತ್ತಿದ್ದ. ಬೆಳಿಗ್ಗೆ ನಾನು ನೋಡುವಷ್ಟರಲ್ಲಿ ಅಲ್ಲಿ ಮತ್ತೆರಡು ಮೋಟಾರ್ ಹೋಗಿರುತ್ತಿದ್ದವು. ಇಲ್ಲಿ ಬಾಕಿ ಇಟ್ಟವರು ಅಲ್ಲಿ ಹೋಗಿ ಉದ್ರಿ ತಗೊಳ್ಳುತ್ತಿದ್ದರು.

ಹುಡುಕಲು ಹೊರಟರೆ ಎಲ್ಲರೂ "ಕ್ಲೌಡ್" ಅಂತಾರೆ. ಆದರೆ ಒಳಗೆ ಎರಡು ಬೇರೆ ಬೇರೆ ವಸ್ತು ಇವೆ, ಇದನ್ನು ಮೊದಲು ತಿಳ್ಕೊಳ್ಳಿ. ಒಂದು, ನೀವು ಈಗ ಬಳಸುವ ಸಾಫ್ಟ್‌ವೇರನ್ನೇ ಬೇರೆ ಊರಿನ ಒಂದು ಸರ್ವರ್‌ನಲ್ಲಿ ಹಾಕಿ, ನಿಮ್ಮ ಪರದೆಗೆ ಅದನ್ನು ತೋರಿಸೋದು. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಳಸುವವರಲ್ಲಿ ಇದು ಜಾಸ್ತಿ. ಕಲಿಯೋಕೆ ಏನೂ ಇಲ್ಲ, ಕೀಬೋರ್ಡ್ ಅದೇ, ಕಾಕಾಗೆ ಇದೇ ಇಷ್ಟ ಆಗಿತ್ತು. ಆದರೆ ಸಾಫ್ಟ್‌ವೇರ್ ಲೈಸೆನ್ಸ್ ಬೇರೆ, ಸರ್ವರ್ ಬಾಡಿಗೆ ಬೇರೆ, ಕೆಟ್ಟರೆ ಇವರು ಅವರ ಕಡೆ ಬೆರಳು ತೋರಿಸುತ್ತಾರೆ. ಇನ್ನೊಂದು, ಬ್ರೌಸರ್‌ನಲ್ಲೇ ಓಡುವ ಹಾಗೆ ಹುಟ್ಟಿದ ಸಾಫ್ಟ್‌ವೇರ್. ಜೋಹೋ ಬುಕ್ಸ್ ಥರದ್ದು. ಸಾಫ್ಟ್‌ವೇರ್, ಸರ್ವರ್, ಬ್ಯಾಕಪ್ ಎಲ್ಲ ಒಬ್ಬರದ್ದೇ, ತಿಂಗಳಿಗೋ ವರ್ಷಕ್ಕೋ ಇಷ್ಟು ಅಂತ ಕಟ್ಟೋದು, ಎಷ್ಟು ಜನ ಬಳಸುತ್ತಾರೋ ಅಷ್ಟು ದುಡ್ಡು. ನಾವು ಎರಡನೆಯದಕ್ಕೆ ಹೋದೆವು. ಯಾವ ಕಂಪನಿ ಅಂತ ಇಲ್ಲಿ ಹೇಳಲ್ಲ. ಮುಂದೆ ಒಂದೆರಡು ಕಡೆ ಬೈಯೋದಿದೆ.

ಅಪ್ಪಾಜಿಯ ಪ್ರಶ್ನೆ ಒಂದೇ. "ಲೆಕ್ಕ ನಮ್ಮನೇಲಿ ಇರಬೇಕು. ಅವನು ಬಾಗಿಲು ಹಾಕ್ಕೊಂಡು ಹೋದ್ರೆ?" ಇದು ಹಳೇ ಕಾಲದ ಭಯ ಅಂತ ನಗಬೇಡಿ. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಒದಗಿಸುವ ಒಂದು ಕಂಪನಿಯ ಮೇಲೆ ರಾನ್ಸಮ್‌ವೇರ್ (ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ) ದಾಳಿ ಆಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತ್ತು. ಆ ಬ್ಯಾಂಕುಗಳು ಏನೂ ತಪ್ಪು ಮಾಡಿರಲಿಲ್ಲ. ನಾವು ಹುಡುಕುತ್ತಿದ್ದಾಗಲೇ, 2025ರ ಅಕ್ಟೋಬರ್ 20ಕ್ಕೆ, ನರಕ ಚತುರ್ದಶಿ ದಿನ, ಅಮೆಜಾನ್ ಬಾಡಿಗೆಗೆ ಕೊಡುವ ವರ್ಜೀನಿಯಾ ಸರ್ವರ್‌ಗಳು ಕೈಕೊಟ್ಟು ಪ್ರಪಂಚದ ಎಷ್ಟೋ ಆ್ಯಪ್‌ಗಳು ಮಲಗಿದವು. ಟಿವಿಯಲ್ಲಿ ನೋಡಿದ ಅಪ್ಪಾಜಿ ನನ್ನ ಕಡೆ ತಿರುಗಿ ಏನೂ ಅನ್ನಲಿಲ್ಲ, ಸುಮ್ನೆ ಹುಬ್ಬು ಏರಿಸಿದರು. ನಾವು ನೋಡ್ತಿರೋದು ಮುಂಬೈ ಸರ್ವರ್‌ನಲ್ಲಿದೆ ಅಂತ ಹೇಳಿದೆ. "ಅಲ್ಲೂ ಮನುಷ್ಯರೇ ಇರೋದು" ಅಂದರು.

ಅದಕ್ಕೇ ಒಂದು ಕೆಲಸ ಮಾಡಿದೆ. ಯಾವ ಡೆಮೋಗೆ ಕೂತರೂ ಮೊದಲ ಪ್ರಶ್ನೆ "ನಾನು ಬಿಟ್ಟು ಹೋಗಬೇಕಾದರೆ ಹೇಗೆ?" ಅಂತ. ಮದುವೆ ಮಾತುಕತೆಯಲ್ಲಿ ಡೈವೋರ್ಸ್ ಕೇಳಿದ ಹಾಗೆ ಮುಖ ಮಾಡುತ್ತಾರೆ, ಮಾಡಲಿ. ಎಲ್ಲರೂ "ಡೇಟಾ ನಿಮ್ಮದೇ ಮೇಡಂ" ಅಂತಾರೆ. ಅಷ್ಟಕ್ಕೆ ಬಿಡಬೇಡಿ. ಉಚಿತ ಟ್ರಯಲ್ ಕೊಡುತ್ತಾರಲ್ಲ, ಅದರಲ್ಲಿ ಒಂದಿಷ್ಟು ಸುಳ್ಳು ಬಿಲ್ಲು, ಒಂದಿಷ್ಟು ಸುಳ್ಳು ಪಾರ್ಟಿ, ಅಂದರೆ ಗ್ರಾಹಕರ ಖಾತೆ ಹಾಕಿ, ಆಮೇಲೆ ಎಲ್ಲ ಹೊರಗೆ ತೆಗೆಯಿರಿ. ಒಂದು ಕಡೆ ಬಿಲ್ಲುಗಳು ಬರೀ ಪಿಡಿಎಫ್ ಆಗಿ ಬಂದವು. ಪಿಡಿಎಫ್ ಇಟ್ಕೊಂಡು ನಾಳೆ ಇನ್ನೊಂದು ಸಾಫ್ಟ್‌ವೇರ್‌ಗೆ ಏನ್ ತುಂಬೋಕಾಗುತ್ತೆ? ಇನ್ನೊಂದು ಕಡೆ ಎಕ್ಸೆಲ್ ಬಂತು, ಆದರೆ ಯಾವ ರಸೀದಿ ಯಾವ ಬಿಲ್ಲಿಗೆ ಹೊಂದಿಸಿದ್ದು ಅನ್ನೋದು ಬರಲಿಲ್ಲ. ಉದ್ರಿ ವ್ಯಾಪಾರಕ್ಕೆ ಅದೇ ಜೀವಾಳ. ಕೊನೆಗೆ ಆಯ್ಕೆ ಮಾಡಿದ್ದು ಅದೂ ಬರುವ ಸಾಫ್ಟ್‌ವೇರನ್ನು. ಅದರ ಕರಾರು ಪತ್ರದಲ್ಲೂ ಒಂದು ಸಾಲು ಸಿಕ್ಕಿತು. ವರ್ಷದ ದುಡ್ಡು ಕಟ್ಟದೆ ಹೋದರೆ 30 ದಿನ ಆದ ಮೇಲೆ ಡೇಟಾ ಅಳಿಸಬಹುದು ಅಂತ. ಇಮೇಲ್‌ನಲ್ಲಿ ಜಗ್ಗಾಡಿ 90 ದಿನಕ್ಕೆ ಬರೆಸಿಕೊಂಡೆ. ಕೇಳಿದರೆ ಕೊಡುತ್ತಾರೆ. ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ ಇರಲಿ.

ಇಲ್ಲೇ ಎರಡು ಮಾತು. ನಮ್ಮದು ಪಾಲುದಾರಿಕೆ ಸಂಸ್ಥೆ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಜಾಸ್ತಿ ನಿಯಮ ಇವೆ. 2023ರ ಏಪ್ರಿಲ್ 1ರಿಂದ, ಯಾವ ಎಂಟ್ರಿಯನ್ನು ಯಾವಾಗ ತಿದ್ದಿದರು ಅನ್ನೋ ದಾಖಲೆ ಇಡುವ, ಆ ದಾಖಲೆಯನ್ನು ಆಫ್ ಮಾಡಲಾಗದ ಸಾಫ್ಟ್‌ವೇರೇ ಬೇಕು. ಲೆಕ್ಕದ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ದಿನಾ ಇರಬೇಕು. ಆಡಿಟರ್ ಕೇಳೇ ಕೇಳುತ್ತಾರೆ. ಎರಡನೆಯದು, ವಿದೇಶಿ ಕಂಪನಿ ಹೊರಗಿನಿಂದಲೇ ಬಿಲ್ ಮಾಡಿದರೆ ಶೇ 18 ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಬೇಕು. ಕ್ರೆಡಿಟ್ ಸಿಗುತ್ತೆ, ಅಂದರೆ ನೀವು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು, ಆದರೆ ಮೊದಲು ಕೈಯಿಂದ ಹೋಗಬೇಕು. ಡಾಲರ್‌ನಲ್ಲಿ ಅಗ್ಗ ಕಂಡದ್ದು ಯಾಕೆ ಅಗ್ಗ ಅಂತ ಅಲ್ಲಿ ಗೊತ್ತಾಗುತ್ತೆ.

ದುಡ್ಡು ಕಟ್ಟುವ ಮೊದಲು ಅವರ ಪೋರ್ಟಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿ. ಹಾಕದೆ ಕಟ್ಟಿದರೆ ಬಿಲ್ಲು ಸಾಮಾನ್ಯ ಗ್ರಾಹಕರ ಹೆಸರಿಗೆ ಬರುತ್ತೆ, ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ನಮಗೆ ಐದು ಜನರ ಬಳಕೆಗೆ ವರ್ಷಕ್ಕೆ 36,000, ಮೇಲೆ ಜಿಎಸ್‌ಟಿ 6,480. ಕಾರ್ಡ್ ಕೊಟ್ಟು ಆಟೋ ರಿನ್ಯೂವಲ್ ಹಾಕಿದರೆ ಮರೆತು ಕೂರಬಹುದು ಅಂದುಕೊಳ್ಳಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ 15,000 ದಾಟಿದ ಇಂಥ ಪಾವತಿಗೆ ಪ್ರತಿ ಸಲ ಒಟಿಪಿ ಬೇಕು. ಒಟಿಪಿ ಯಾರ ಫೋನಿಗೆ ಬರುತ್ತೆ, ಅವತ್ತು ಅವರು ಎಲ್ಲಿರುತ್ತಾರೆ ಅನ್ನೋದರ ಮೇಲೆ ನಿಮ್ಮ ಅಂಗಡಿ ನಡೆಯುತ್ತೆ! ಆ ತಾರೀಖನ್ನು ಅಂಗಡಿ ಕ್ಯಾಲೆಂಡರ್‌ನಲ್ಲೇ ಕೆಂಪು ಮಸಿಯಲ್ಲಿ ಬರೆದಿದ್ದೇವೆ.

ಯಾವಾಗ ಬದಲಾಯಿಸೋದು ಅನ್ನೋದಕ್ಕೂ ಚರ್ಚೆ ಆಯಿತು. ಆಡಿಟರ್ ಏಪ್ರಿಲ್ 1 ಅಂದರು. ಏಪ್ರಿಲ್ ಅಂದರೆ ಬಿರುಬೇಸಿಗೆ, ಬೋರ್‌ವೆಲ್ ಸೀಸನ್, ಅಂಗಡಿಯಲ್ಲಿ ನೀರು ಕುಡಿಯೋಕೂ ಪುರಸೊತ್ತು ಇರಲ್ಲ. ನವೆಂಬರ್ ಡಿಸೆಂಬರ್‌ನಲ್ಲಿ ಮೆಕ್ಕೆಜೋಳ ಮಾರಿದ ದುಡ್ಡು ಬರುತ್ತೆ, ಆಗ ಬಾಕಿ ವಸೂಲಿ. ನಡುವೆ ಸಿಕ್ಕಿದ್ದು ಜನವರಿ 1. ವರ್ಷದ ಮಧ್ಯೆ ಬದಲಾಯಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬದಲಾಯಿಸಬಹುದು. ಹೊಸ ಸಾಫ್ಟ್‌ವೇರ್‌ನಲ್ಲಿ ಬಿಲ್ ನಂಬರಿಗೆ ಬೇರೆ ಮುನ್ನಕ್ಷರ ಕೊಟ್ಟು ಹೊಸ ಸರಣಿ ಶುರು ಮಾಡಿ. ಒಂದೇ ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು, 16 ಅಕ್ಷರ ದಾಟಬಾರದು, ಅಷ್ಟೇ. ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಎರಡೂ ಸರಣಿ ತೋರಿಸಿ.

ಈಗ ಬಂತು ನಿಜವಾದ ಕಷ್ಟ. ನಮ್ಮ ಹಳೇ ಡೇಟಾ.

ಹಳೇ ಸಾಫ್ಟ್‌ವೇರ್ ಊರಿನಲ್ಲೇ ಯಾರೋ ಬರೆದುಕೊಟ್ಟದ್ದು. ರೈತರ ಹೆಸರೆಲ್ಲ ಕನ್ನಡದಲ್ಲಿ, ನುಡಿ ಫಾಂಟ್‌ನಲ್ಲಿ. ಈಗ ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಹಳೇ ಥರದ್ದು. ಹೊರಗೆ ತೆಗೆದು ಹೊಸದಕ್ಕೆ ಹಾಕಿದರೆ ಹೆಸರೆಲ್ಲ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ ಕಲಸಿದ ಗೋಜಲು. ಸಪೋರ್ಟ್‌ಗೆ ಫೋನ್ ಮಾಡಿದರೆ, "ನಿಮ್ಮ ಫೈಲ್ ಕರಪ್ಟ್ ಆಗಿದೆ" ಅಂದರು. ಕರಪ್ಟ್ ಅಲ್ಲ ಮಾರಾಯರೇ, ಕನ್ನಡ! ನುಡಿ ಜೊತೆ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಾಯಿಸಿದೆ. ಬಹುಪಾಲು ಸರಿ ಬಂತು. ಅರ್ಕಾವತ್ತು ಇರುವ ಕೆಲವು ಹೆಸರು ಕೆಟ್ಟವು. ಮೂರ್ತಿ, ಕೀರ್ತಿ ಇಂಥವನ್ನು ಕೂತು ಕೈಯಲ್ಲಿ ತಿದ್ದಿದ್ದಾಯಿತು. ಅದಾದ ಮೇಲೆ ಎಕ್ಸೆಲ್‌ನಲ್ಲಿ ಉಳಿಸುವಾಗ ಸಾಮಾನ್ಯ ಸಿಎಸ್‌ವಿ (ಪಟ್ಟಿ ಸಾಗಿಸುವ ಸರಳ ಫೈಲ್) ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತೆ. "ಸಿಎಸ್‌ವಿ ಯುಟಿಎಫ್-8" ಅಂತ ಬೇರೆ ಆಯ್ಕೆ ಇದೆ, ಅದನ್ನೇ ಒತ್ತಿ.

ಎಕ್ಸೆಲ್‌ದು ಇನ್ನೊಂದು ಕಿತಾಪತಿ. ಮೋಟಾರಿನ ಸೀರಿಯಲ್ ನಂಬರ್ 00 ಅಂತ ಶುರುವಾದರೆ ಆ ಸೊನ್ನೆಗಳನ್ನು ನುಂಗಿಬಿಡುತ್ತೆ. ನಂಬರ್ ಉದ್ದ ಇದ್ದರೆ "8.90E+12" ಅಂತ ತನಗೆ ಬೇಕಾದ ಹಾಗೆ ಬರೆಯುತ್ತೆ. ಸೀರಿಯಲ್ ತಪ್ಪಿದರೆ ಕಂಪನಿಯವರು ವಾರಂಟಿ ಕೊಡಲ್ಲ, ರೈತ ನಮ್ಮ ಕುತ್ತಿಗೆಗೆ ಬರುತ್ತಾನೆ. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಲೇಬೇಡಿ. ಎಕ್ಸೆಲ್ ಒಳಗಿಂದ ಇಂಪೋರ್ಟ್ ಮಾಡಿ, ಆ ಕಾಲಮ್ಮನ್ನು ಟೆಕ್ಸ್ಟ್ ಅಂತ ಮೊದಲೇ ಹೇಳಿ.

ಹೆಸರುಗಳ ಕಥೆ ಮುಗಿಯಲಿಲ್ಲ. ಹೊಸ ಸಾಫ್ಟ್‌ವೇರ್ ಪಾರ್ಟಿಯನ್ನು ಗುರುತಿಸೋದು ಮೊಬೈಲ್ ನಂಬರಿನಿಂದ. ನಮ್ಮ ಕಡೆ ಅಪ್ಪ, ಮಗ, ಚಿಕ್ಕಪ್ಪ ಮೂವರ ಖಾತೆಗೂ ಒಂದೇ ಫೋನ್ ನಂಬರ್. ಆನಗೋಡು, ಮಾಯಕೊಂಡ ಕಡೆ ಬಸವರಾಜಪ್ಪ ಅನ್ನೋ ಹೆಸರಿನ ಖಾತೆಗಳೇ ಒಂದು ಪುಟ ಇದ್ದವು. ಕಾಕಾ ಅವರನ್ನು ಬೇರೆ ಮಾಡಲು ತಮ್ಮದೇ ಗುರುತು ಹಾಕಿದ್ದರು. ಟ್ರ್ಯಾಕ್ಟರ್ ಬಸಣ್ಣ, ಕೆರೆ ಹಿಂದಿನ ಬಸಣ್ಣ, ಎರಡನೇ ಹೆಂಡ್ತಿ ಮನೆ ಬಸಣ್ಣ. ಇವೆಲ್ಲ ಹೆಸರಿನ ಜಾಗದಲ್ಲೇ ಇದ್ದವು. ಟ್ರಯಲ್‌ನಲ್ಲಿ ಒಂದು ಬಿಲ್ಲು ಪ್ರಿಂಟ್ ತೆಗೆದು ನೋಡಿದರೆ, ಗ್ರಾಹಕರ ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ "ಉದ್ರಿ ಕೊಡಬೇಡಿ, ತಿರುಗಾಡಿಸ್ತಾನೆ" ಅಂತ ಬಂತು. ಅಣ್ಣ ನಕ್ಕೂ ನಕ್ಕೂ ಕೂತುಬಿಟ್ಟ. ಕಾಕಾ ಮಾತ್ರ, "ಸುಳ್ಳೇನಲ್ಲವಲ್ಲ" ಅಂದರು. ಅದೇ ಬಿಲ್ಲು ಎಸ್‌ಎಂಎಸ್ ಆಗಿ ಹೋಗಿದ್ದರೆ! ಹಾಗಾಗಿ ಡೇಟಾ ಸಾಗಿಸುವ ಮೊದಲು ಪಾರ್ಟಿಗಳ ಪಟ್ಟಿ ಪ್ರಿಂಟ್ ಹಾಕಿ, ಲೆಕ್ಕ ಬರೆದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಓದಿ. ಊರಿನ ಹೆಸರು ಬೇರೆ ಕಾಲಮ್ಮಿಗೆ, ಟಿಪ್ಪಣಿ ಒಳಗಿನ ನೋಟ್ಸಿಗೆ. ಯಾರು ಸತ್ತಿದ್ದಾರೆ, ಯಾರ ಬಾಕಿ ಮಗ ಒಪ್ಪಿಕೊಂಡಿದ್ದಾನೆ, ಇದೆಲ್ಲ ಅವರ ತಲೆಯಲ್ಲೇ ಇರುತ್ತೆ, ಯಾವ ಕಂಪ್ಯೂಟರ್‌ನಲ್ಲೂ ಇರಲ್ಲ.

ಡೇಟಾ ಸಾಗಿಸಿಕೊಡುತ್ತೇವೆ ಅಂತ ಕಂಪನಿಯವರು 12,000 ತಗೊಂಡರು, ಜಿಎಸ್‌ಟಿ ಬೇರೆ. ಅವರು ಮಾಡಿದ್ದು ಸಾಮಾನಿನ ಪಟ್ಟಿ, ಪಾರ್ಟಿಗಳ ಪಟ್ಟಿ, ಆರಂಭದ ಬಾಕಿ, ಇಷ್ಟು ಮಾತ್ರ. ಹಳೇ ವರ್ಷಗಳ ಬಿಲ್ಲುಗಳು ಬರಲ್ಲ ಅನ್ನೋದು ದುಡ್ಡು ಕಟ್ಟಿದ ಮೇಲೆ ಹೇಳಿದರು. ಜಗಳ ಆಡಿದೆ, ಪ್ರಯೋಜನ ಆಗಲಿಲ್ಲ. ಆಮೇಲೆ ಬೇರೆಯವರನ್ನೂ ಕೇಳಿದೆ. ಹೆಚ್ಚು ಕಡಿಮೆ ಎಲ್ಲರೂ ಇಷ್ಟೇ ಮಾಡೋದು. ಅದಕ್ಕೇ ಹಳೇ ಕಂಪ್ಯೂಟರ್ ಮಾರಬೇಡಿ. ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ದಾಖಲೆ ಇಡಬೇಕು. ನಮ್ಮದನ್ನು ಅಟ್ಟದ ಮೇಲೆ ಇಟ್ಟಿಲ್ಲ, ಕಾಕಾ ಮೇಜಿನ ಮೇಲೇ ಇದೆ. ಜೊತೆಗೆ ಹಳೇ ಬಿಲ್ಲೆಲ್ಲ ಪಿಡಿಎಫ್ ಮಾಡಿ ಎರಡು ಹಾರ್ಡ್ ಡಿಸ್ಕಿನಲ್ಲಿ ಹಾಕಿದ್ದೇನೆ. ಒಂದು ಮನೆಯಲ್ಲಿ, ಒಂದು ದುರ್ಗದಲ್ಲಿ.

ಸ್ಟಾಕ್ ಎಣಿಕೆಗೆ ಡಿಸೆಂಬರ್ 31ರ ಸಂಜೆ ಅಂಗಡಿ ಬೇಗ ಮುಚ್ಚಿದೆವು. ಗೋಡೌನಿನಲ್ಲಿ ಹುಡುಗರು ಪೈಪು ಎಣಿಸುತ್ತಾ, ನಾನು ಮೊಬೈಲ್ ಬೆಳಕಿನಲ್ಲಿ ಬರೆಯುತ್ತಾ. ಕೇಬಲ್ಲಿನದೇ ತಲೆನೋವು. ತರೋದು ಕಾಯಿಲ್ ಲೆಕ್ಕ, ಮಾರೋದು ಮೀಟರ್ ಲೆಕ್ಕ. ಹಳೇ ಸಾಫ್ಟ್‌ವೇರ್‌ನಲ್ಲಿ ಎರಡೂ ಬೆರೆತು ಕೆಲವು ಕೇಬಲ್ ಮೈನಸ್ ಸ್ಟಾಕ್ ತೋರಿಸುತ್ತಿತ್ತು. ಇಲ್ಲದ ಕೇಬಲನ್ನು ಮಾರಿದ್ದೇವೆ ಅಂತ! ಹೊಸದರಲ್ಲಿ ಒಂದು ಕಾಯಿಲ್ ಅಂದರೆ ಇಷ್ಟು ಮೀಟರ್ ಅಂತ ಮೊದಲೇ ಕಟ್ಟಿಕೊಟ್ಟೆ. ಬಿಲ್ಲು ಶುರುವಾದ ಮೇಲೆ ಅಳತೆ ಬದಲಿಸಲು ಬಿಡಲ್ಲ, ನೆನಪಿರಲಿ.

ಇಂಟರ್ನೆಟ್ ಬಗ್ಗೆ ಜನ ತುಂಬಾ ಹೆದರಿಸುತ್ತಾರೆ. ನೆಟ್ ಹೋದರೆ ಅಂಗಡಿ ನಿಲ್ಲುತ್ತಾ ಅಂತ. ನಿಲ್ಲುತ್ತೆ, ತಯಾರಿ ಇಲ್ಲದಿದ್ದರೆ. ಫೈಬರ್ ಒಂದು, ಬೇರೆ ಕಂಪನಿಯ ಸಿಮ್ ಹಾಕಿದ ಡಾಂಗಲ್ ಇನ್ನೊಂದು ಇಟ್ಟಿದ್ದೇವೆ. ಎರಡೂ ಒಂದೇ ಕಂಪನಿಯದ್ದು ಬೇಡ. ರಸ್ತೆ ಅಗೆದಾಗ ಕೇಬಲ್ ಕಡಿಯುತ್ತೆ, ನಮ್ಮೂರಲ್ಲಿ ರಸ್ತೆ ಅಗೆತ ಹೊಸದೇನಲ್ಲ ಅಲ್ವಾ. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತೆ, ಆದರೆ ಗೋಡೆಯ ಮೇಲಿನ ವೈಫೈ ಡಬ್ಬಿ ಆರಿಹೋಗುತ್ತೆ. ಅದಕ್ಕೆ ಪುಟ್ಟ ಯುಪಿಎಸ್ ಬೇರೆ ಸಿಗುತ್ತೆ, ಸುಮಾರು 1,500 ಕೊಟ್ಟೆವು. ಇಡೀ ಬದಲಾವಣೆಯಲ್ಲಿ ಅತಿ ಒಳ್ಳೆ ಖರ್ಚು ಇದೇ. ಎಲ್ಲವೂ ಹೋದಾಗ ಕೈಬರಹದ ಬಿಲ್ ಪುಸ್ತಕ ಇದೆ, ಅದಕ್ಕೆ ಬೇರೆ ಸರಣಿ, ನೆಟ್ ಬಂದ ಮೇಲೆ ಏರಿಸೋದು.

ಯಾರೂ ಹೇಳದ ಖರ್ಚು ಪ್ರಿಂಟರಿನದು. ನಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಳೇ ಸಾಫ್ಟ್‌ವೇರ್‌ನಿಂದ ಬಿಲ್ಲನ್ನು ಟರ್ರ್ ಅಂತ ಕ್ಷಣದಲ್ಲಿ ಉಗುಳುತ್ತಿತ್ತು. ಬ್ರೌಸರ್‌ನಿಂದ ಹೋದರೆ ಬಿಲ್ಲನ್ನು ಚಿತ್ರದ ಹಾಗೆ ಬಿಡಿಸುತ್ತಾ ಕೂರುತ್ತೆ. ರೈತರು ಆ ಕಡೆ ಬಸ್ಸಿಗೆ ಹೊತ್ತಾಯಿತು ಅಂತ ನಿಂತಿರುತ್ತಾರೆ. ಕೊನೆಗೆ ಎರಡೂ ಅಂಗಡಿಗೆ ಲೇಸರ್ ಪ್ರಿಂಟರ್ ತಂದೆವು. ಅಚ್ಚು ಹಾಕಿಸಿದ್ದ ಬಿಲ್ ಕಾಗದದ ಬಂಡಲ್ಲುಗಳು ಈಗ ಹಿಂಬದಿ ಲೆಕ್ಕ ಗೀಚಲು ಆಗಿವೆ.

ದುರ್ಗಕ್ಕೆ ಪೈಪಿನ ಲೋಡು ಕಳಿಸುವಾಗ 50,000 ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್ ಪರವಾನಗಿ ಚೀಟಿ) ಬೇಕು, ಮಾರಾಟ ಅಲ್ಲದಿದ್ದರೂ. ಇದನ್ನು ಹೊಸ ಸಾಫ್ಟ್‌ವೇರ್‌ನಿಂದಲೇ ತೆಗೆಯಲು ಇ-ವೇ ಪೋರ್ಟಲ್‌ನಲ್ಲಿ ಒಂದು ಬೇರೆ ಯೂಸರ್ ಮಾಡಿ, ಸಾಫ್ಟ್‌ವೇರ್‌ನವರು ಯಾವ ಜಿಎಸ್‌ಪಿ (ಸರ್ಕಾರಿ ಪೋರ್ಟಲ್‌ಗೆ ಕೊಂಡಿ ಹಾಕುವ ಮಧ್ಯದ ಕಂಪನಿ) ಮೂಲಕ ಹೋಗುತ್ತಾರೋ ಅವರ ಹೆಸರು ಆರಿಸಬೇಕು. ಅವರನ್ನೇ ಕೇಳಿ, ಊಹಿಸಬೇಡಿ. ಪೋರ್ಟಲ್‌ಗೆ ನೇರವಾಗಿ ಹೋದರೆ 2025ರ ಏಪ್ರಿಲ್‌ನಿಂದ ಎಲ್ಲರಿಗೂ ಒಟಿಪಿ ಕಡ್ಡಾಯ. ಅದು ಅಪ್ಪಾಜಿ ಫೋನಿಗೆ ಬರುತ್ತಿತ್ತು, ಅಪ್ಪಾಜಿ ಫೋನ್ ಮನೆಯಲ್ಲಿ ಚಾರ್ಜಿಗೆ ಇರುತ್ತಿತ್ತು, ಟೆಂಪೋದವನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದ. ಸಬ್ ಯೂಸರ್ ಮಾಡಿ ಅಣ್ಣನಿಗೂ ನನಗೂ ನಮ್ಮ ನಮ್ಮ ನಂಬರ್ ಕೊಟ್ಟ ಮೇಲೆ ಸುಧಾರಿಸಿತು. ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್‌ಗೂ (ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸೋದು) ಇಂಥದ್ದೇ ಯೂಸರ್ ಬೇಕು. ನಾವು ಅಲ್ಲಿಗೆ ಮುಟ್ಟಿಲ್ಲ.

ಎಸ್‌ಎಂಎಸ್ ಸಂಗತಿ ಸ್ವಲ್ಪ ಉದ್ದ ಇದೆ. ಬಿಲ್ಲು ಆದ ತಕ್ಷಣ ರೈತರಿಗೆ ಕನ್ನಡದಲ್ಲಿ ಮೆಸೇಜ್ ಹೋಗಲಿ ಅನ್ನೋದು ಅಪ್ಪಾಜಿಯ ಆಸೆ. ಡೆಮೋದಲ್ಲಿ ಒಂದು ಗುಂಡಿ ಒತ್ತಿ ತೋರಿಸಿದ್ದರು. ಆ ಗುಂಡಿ ಕೆಲಸ ಮಾಡಬೇಕಾದರೆ ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ ನಿಮ್ಮ ಸಂಸ್ಥೆ ಟೆಲಿಕಾಂ ಕಂಪನಿಯ ಡಿಎಲ್‌ಟಿ, ಅಂದರೆ ವ್ಯಾಪಾರದ ಮೆಸೇಜ್ ಕಳಿಸುವವರ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಪ್ಯಾನ್, ಜಿಎಸ್‌ಟಿ ಪತ್ರ, ಲೆಟರ್‌ಹೆಡ್ ಮೇಲೆ ಸೀಲು ಸಹಿ ಹಾಕಿದ ಅಧಿಕಾರ ಪತ್ರ ಕೇಳುತ್ತಾರೆ. ನಮ್ಮಿಂದ 5,900 ತಗೊಂಡರು. ಮೊದಲ ಸಲ ತಿರಸ್ಕಾರ. ಕಾರಣ, ಲೆಟರ್‌ಹೆಡ್‌ನಲ್ಲಿ "ಪಿ.ಬಿ. ರಸ್ತೆ", ಜಿಎಸ್‌ಟಿ ಪತ್ರದಲ್ಲಿ "ಹಳೇ ಪಿ.ಬಿ. ರಸ್ತೆ". ಅದೇ ರಸ್ತೆ ಸ್ವಾಮಿ ಅಂತ ಯಾರಿಗೆ ಹೇಳೋದು? ಹೊಸ ಲೆಟರ್‌ಹೆಡ್ ಪ್ರಿಂಟ್ ಹಾಕಿಸಿ ಕಳಿಸಿದೆ. ಆಮೇಲೆ ಕಳಿಸುವವರ ಆರಕ್ಷರದ ಹೆಸರು, ಆಮೇಲೆ ಮೆಸೇಜಿನ ಮಾದರಿ, ಪ್ರತಿಯೊಂದಕ್ಕೂ ಬೇರೆ ಒಪ್ಪಿಗೆ. ಮಾದರಿಯಲ್ಲಿ ಹೆಸರು, ಮೊತ್ತ ಬರುವ ಜಾಗ ಬಿಟ್ಟು ಉಳಿದ ಒಂದು ಚುಕ್ಕಿ ಬದಲಾದರೂ ಮೆಸೇಜ್ ಹೋಗಲ್ಲ.

ಕನ್ನಡದಲ್ಲಿ ಕಳಿಸುವವರು ಇದನ್ನು ಗಮನಿಸಿ. ಇಂಗ್ಲಿಷ್ ಮೆಸೇಜಿಗೆ 160 ಅಕ್ಷರ ಸಿಗುತ್ತೆ, ಕನ್ನಡಕ್ಕೆ 70. ಅದಕ್ಕಿಂತ ಉದ್ದ ಆದರೆ ತುಂಡಾಗುತ್ತೆ, ಒಂದೊಂದು ತುಂಡಿಗೆ 67. ಅಷ್ಟೇ ಅಲ್ಲ, ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಎಣಿಸುತ್ತಾರೆ. "ದಾವಣಗೆರೆ" ನಮ್ಮ ಕಣ್ಣಿಗೆ ಐದಕ್ಷರ, ಅವರ ಲೆಕ್ಕದಲ್ಲಿ ಎಂಟು. ನಾನು ಬರೆದ ಮೊದಲ ಮಾದರಿಯಲ್ಲಿ "ಗೌರವಾನ್ವಿತ ಗ್ರಾಹಕರೇ" ಅಂತ ಇತ್ತು, ಅಂಗಡಿಯ ಪೂರ್ತಿ ಹೆಸರಿತ್ತು, ಧನ್ಯವಾದ ಇತ್ತು. ಒಂದು ಬಿಲ್ಲಿಗೆ ಮೂರು ಮೆಸೇಜಿನ ದುಡ್ಡು ಹೋಗುತ್ತಿತ್ತು. ಗೌರವ, ಧನ್ಯವಾದ ಎರಡನ್ನೂ ಕಿತ್ತೆ. ಈಗ ಬಿಲ್ ನಂಬರ್, ಮೊತ್ತ, ಬಾಕಿ ಮಾತ್ರ. ಗೌರವ ಕೌಂಟರ್‌ನಲ್ಲಿ ಚಹಾ ಕೊಡುವಾಗ ತೋರಿಸಿದರಾಯಿತು.

ಕಾಕಾ ಬಗ್ಗೆ ಹೇಳಲೇಬೇಕು. ಅವರು ಹಳೇ ಸಾಫ್ಟ್‌ವೇರ್‌ನಲ್ಲಿ ಮೌಸ್ ಮುಟ್ಟುತ್ತಿರಲಿಲ್ಲ. ಎಡಗೈಯಲ್ಲಿ ರಸೀದಿ ತಿರುವುತ್ತಾ, ಪರದೆ ನೋಡದೆ, ಬಲಗೈಯಲ್ಲಿ ಎಂಟ್ರಿ ಹಾಕುತ್ತಿದ್ದರು. ಹೊಸದರಲ್ಲಿ ಪ್ರತಿ ಕಡೆ ಒತ್ತು, ಕಾಯಿ, ಒತ್ತು. ಮೊದಲ ವಾರ ಅವರು ನನ್ನ ಹತ್ತಿರ ಮಾತೇ ಬಿಟ್ಟರು. ಹಳೇದರಲ್ಲೂ ಹೊಸದರಲ್ಲೂ ಎರಡರಲ್ಲೂ ಬಿಲ್ಲು ಹಾಕಬೇಕಿತ್ತು, ತಿಂಗಳ ಕೊನೆಗೆ ತಾಳೆ ನೋಡಲು. ಅದು ನಿಜಕ್ಕೂ ಹಿಂಸೆ, ಆದರೆ ಬಿಡಬೇಡಿ. ಆ ತಿಂಗಳ ಕೊನೆಗೆ ಎರಡರ ಮಾರಾಟ ತೆರಿಗೆಗೆ ಕೆಲವು ರೂಪಾಯಿ ವ್ಯತ್ಯಾಸ ಬಂತು. ಸಪೋರ್ಟ್‌ನವರು "ರೌಂಡಿಂಗ್ ಮೇಡಂ" ಅಂದು ಟಿಕೆಟ್ ಮುಚ್ಚಿದರು. ಕಾಕಾ ಒಪ್ಪಲಿಲ್ಲ. ರಾತ್ರಿ ಕೂತು ಒಂದೊಂದೇ ಬಿಲ್ಲು ನೋಡಿ ಹಿಡಿದರು. ಒಂದು ಫಿಲ್ಟರ್ ಐಟಂಗೆ ಸಾಗಿಸಿದವರು ಹಳೇ ಶೇ 12 ದರವನ್ನೇ ಬಿಟ್ಟಿದ್ದರು. ಅವರಿಗೆ ಆ ಸ್ಕ್ರೀನ್‌ಶಾಟ್ ಕಳಿಸಿದಾಗ ಕಾಕಾ ನನ್ನ ಪಕ್ಕದಲ್ಲೇ ನಿಂತಿದ್ದರು, "ನಮಸ್ಕಾರ ಅಂತ ಸೇರಿಸವ್ವಾ" ಅಂದರು. ಈಗ ಅವರೇ ದುರ್ಗದ ಹುಡುಗರಿಗೆ ಫೋನಿನಲ್ಲಿ ಕಲಿಸುತ್ತಾರೆ.

ಒಟ್ಟು ಖರ್ಚು ಕೇಳುವವರಿಗೆ, ಮೊದಲ ವರ್ಷ ಸಾಫ್ಟ್‌ವೇರ್ ಬಾಡಿಗೆಗಿಂತ ಸುತ್ತಮುತ್ತಲಿನದೇ ಜಾಸ್ತಿ ಆಯಿತು. ಎರಡು ಪ್ರಿಂಟರ್, ಡಾಂಗಲ್‌ಗಳು, ಸಾಗಾಟದ ದುಡ್ಡು, ಡಿಎಲ್‌ಟಿ, ಹೊಸ ಲೆಟರ್‌ಹೆಡ್. ಸೇಲ್ಸ್‌ನವರು ತೋರಿಸಿದ ಮೊತ್ತವನ್ನು ಎರಡರಿಂದ ಗುಣಿಸಿ ಕೈಯಲ್ಲಿಟ್ಟುಕೊಂಡರೆ ಪರದಾಡಲ್ಲ. ಎರಡನೇ ವರ್ಷ ದರ ಎಷ್ಟು ಏರಿಸಬಹುದು ಅನ್ನೋದನ್ನೂ ಈಗಲೇ ಬರೆಸಿಕೊಳ್ಳಿ.

ಪ್ರತಿ ಶನಿವಾರ ಸಂಜೆ ಎಲ್ಲ ಡೇಟಾ ಎಕ್ಸೆಲ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ ಅಪ್ಪಾಜಿ ಕೈಗೆ ಕೊಡುತ್ತೇನೆ. ಅವರು ಅದನ್ನು ಗಲ್ಲಾಪೆಟ್ಟಿಗೆ ಬೀಗದೊಳಗೆ ಇಡುತ್ತಾರೆ. ಬಾಕಿ ನೆನಪಿಸುವ ಕನ್ನಡ ಮೆಸೇಜಿನ ಮಾದರಿಗೆ ಮಾತ್ರ ಇನ್ನೂ ಒಪ್ಪಿಗೆ ಬಂದಿಲ್ಲ. ಅಲ್ಲಿವರೆಗೆ ಕಾಕಾ ಮೊದಲಿನ ಹಾಗೇ ಫೋನ್ ಮಾಡಿ ಕೇಳುತ್ತಿದ್ದಾರೆ, ವಸೂಲಿ ಚೆನ್ನಾಗೇ ಆಗುತ್ತಿದೆ.